ಕೆಲಸವಿಲ್ಲದ ಸವಾರಿ

ನನ್ನ ಬೈಕಿಗೆ ನಮ್ಮ ಅತ್ತೆ ಇಟ್ಟ ಹೆಸರು ದುನ್ನಪೋತು. ತೆಲುಗಿನಲ್ಲಿ ಹಾಗೆಂದರೆ ಕೋಣ. ನಾವು ಮನೆಯಲ್ಲಿ ಆಡುವುದು ಕನ್ನಡವೇ, ಆದರೆ ಬೈಯುವುದಕ್ಕೆ ಹಿಂದೂಪುರದವರಿಗೆ ಒಂದು ಭಾಷೆ ಸಾಲುವುದಿಲ್ಲ. ಮುನ್ನೂರೈವತ್ತು ಸಿಸಿಯ, ಗುಡುಗುಡು ಅನ್ನುವ ಆ ಕಪ್ಪು ಗಾಡಿಯನ್ನು ನಾನು ಕೊಂಡದ್ದು ವರ್ಗವಾಗಿ ಹೊರಟಿದ್ದ ನಮ್ಮ ಶಾಲೆಯ ಡ್ರಿಲ್ ಮೇಷ್ಟರಿಂದ. ಆಗ ನನಗೆ ನಲವತ್ತೊಂಬತ್ತು. ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವಳು, ಮಗಳಿಗೆ ಮದುವೆ ಮಾಡಿದವಳು, ಹುಣಸೆಹಣ್ಣಿನ ಮಂಡಿ ಇಟ್ಟವರ ಮನೆಯ ಸೊಸೆ. ಇಂಥವಳಿಗೆ ಬೈಕು ಯಾಕೆ ಎಂದು ಕೇಳದವರು ನಮ್ಮ ಬೀದಿಯಲ್ಲಿ ಉಳಿದಿಲ್ಲ. ಮೊದಮೊದಲು ಉತ್ತರ ಹೇಳುತ್ತಿದ್ದೆ. ಆಮೇಲೆ ಬಿಟ್ಟುಬಿಟ್ಟೆ.

ಅತ್ತೆ ಬಾಯಿಬಿಟ್ಟು ಬೇಡ ಅಂದವರಲ್ಲ. ಅವರ ದಾರಿಯೇ ಬೇರೆ. ನಮ್ಮ ಮನೆಯ ಜಗಲಿಗೂ ಕಾಂಪೌಂಡಿಗೂ ನಡುವೆ ಒಂದು ಬೈಕು ದಾಟುವಷ್ಟೇ ಜಾಗ. ಅತ್ತೆ ಸರಿಯಾಗಿ ಅಲ್ಲೇ ಗೋಣಿಚೀಲ ಹಾಸಿಕೊಂಡು, ಎರಡೂ ಕಾಲು ಅಡ್ಡ ಚಾಚಿ, ಹುಣಸೆಹಣ್ಣು ಬಿಡಿಸಲು ಕೂರುತ್ತಾರೆ. ಮಂಡಿಯಲ್ಲಿ ಆ ಕೆಲಸಕ್ಕೆ ಹತ್ತಾರು ಹೆಂಗಸರಿದ್ದಾರೆ. ಆದರೂ ಮನೆ ಖರ್ಚಿಗೆಂದು ಒಂದು ಚೀಲ ತರಿಸಿಕೊಂಡು ಬೀಜ ಬೇರೆ, ನಾರು ಬೇರೆ ಮಾಡುತ್ತಾ ಬೆಳಗ್ಗೆಯೆಲ್ಲ ಕೂತಿರುತ್ತಾರೆ. ನಾನು ಗಾಡಿ ತೆಗೆಯಬೇಕಾದರೆ "ಅತ್ತೆ, ಸ್ವಲ್ಪ ಕಾಲು ತಗೀರಿ" ಎಂದು ಕೇಳಬೇಕು. ಅವರು ತಲೆ ಎತ್ತದೆ "ಏನ್ ಕೆಲ್ಸ?" ಎಂದು ಕೇಳುತ್ತಾರೆ. ಶಾಲೆ ಅಂದರೆ ಕಾಲು ಮಡಚುತ್ತಾರೆ. ತರಕಾರಿ, ಬ್ಯಾಂಕು, ಗ್ಯಾಸು ಅಂದರೂ ಮಡಚುತ್ತಾರೆ. ಒಂದು ಸಲ "ಕೆಲ್ಸ ಇಲ್ಲ, ಸುಮ್ನೆ ಲೇಪಾಕ್ಷಿ ಕಡೆ ಒಂದು ಸುತ್ತು" ಅಂದೆ.

"ಸುಮ್ಕೆ ಸುತ್ತಾಕೆ ನೀನೇನು ದೇವ್ರಿಗೆ ಬಿಟ್ಟ ಬಸವನೇನಮ್ಮ?" ಅಂದರು. ಕಾಲು ಅಲ್ಲಾಡಲಿಲ್ಲ. ಎಪ್ಪತ್ತಾರು ವರ್ಷದ ಕಾಲಿನ ಮೇಲೆ ಗಾಡಿ ಹತ್ತಿಸಲು ಆಗುತ್ತದೆಯೇ? ಒಳಗೆ ಹೋಗಿ ಹೆಲ್ಮೆಟ್ಟನ್ನು ಅಲಮಾರಿನ ಮೇಲೆ ಎಸೆದೆ. ಅದು ಉರುಳಿ ಬಿದ್ದು ಅದರ ಮುಂದಿನ ಗಾಜು ಸೀಳಿತು, ಆ ಸೀಳು ಈಗಲೂ ಇದೆ.

ನನಗೆ ಬೇಕಾಗಿದ್ದದ್ದು ಅದೊಂದೇ, ಕೆಲಸವಿಲ್ಲದ ಸವಾರಿ. ಒಂದು ಇಡೀ ದಿನ ಬೆಟ್ಟಗಳ ನಡುವೆ ಗಾಡಿ ಓಡಿಸಬೇಕು, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬೇಕು, ಯಾಕೆ ಹೋದೆ ಅಂದರೆ ಹೇಳಲು ಏನೂ ಇರಬಾರದು. ನಮ್ಮ ಮನೆಯ ಗಂಡಸರು ದಿನಾ ಸಂಜೆ ಸುಮ್ಮನೆ ಹೊರಗೆ ಹೋಗಿ ಬರುತ್ತಾರೆ. ಅವರನ್ನು ಏನು ಕೆಲಸ ಎಂದು ಕೇಳಿದವರಿಲ್ಲ. ಹೋದ ವರ್ಷ ಹುಣಸೆ ಸುಗ್ಗಿಯ ಹೊತ್ತಿಗೆ ನಾನು ಹಟ ಹಿಡಿದು ಒಂದು ಭಾನುವಾರ ಗೊತ್ತುಮಾಡಿದೆ. ಪೆನುಕೊಂಡ ದಾಟಿ, ರೊದ್ದಂ ಕಡೆಯ ಬೆಟ್ಟಗಳ ನಡುವೆ ಹೋಗಿ ಬರುವುದು. ಹೋಗುತ್ತೇನೆ ಎಂದು ಮನೆಯವರಿಗೆ ಹೇಳಿದೆ, ಹೋಗಲೇ ಎಂದು ಕೇಳಲಿಲ್ಲ.

ಅದರ ಹಿಂದಿನ ಎರಡು ದಿನ ನಾವೆಲ್ಲ ಕಲ್ಯಾಣದುರ್ಗದಲ್ಲಿದ್ದೆವು. ಅತ್ತೆಯ ತಂಗಿ ಅಲ್ಲಿರುವುದು, ನನಗೆ ಚಿಕ್ಕತ್ತೆ. ಅವರ ಮಗ ಹೊಸ ಮನೆ ಕಟ್ಟಿಸಿದ್ದ, ಗೃಹಪ್ರವೇಶ. ಬಾಡಿಗೆ ಕಾರಿನಲ್ಲಿ ಹೋಗಿ ಶನಿವಾರ ಸಂಜೆ ವಾಪಸು ಬಂದೆವು. ಭಾನುವಾರ ಬೆಳಗ್ಗೆ ಐದಕ್ಕೇ ಎದ್ದು, ಚೂಡಿದಾರದ ಮೇಲೆ ಜಾಕೆಟ್ ಹಾಕಿಕೊಂಡು, ಇವತ್ತು ಕಾಲು ಚಾಚಿದರೆ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಜಗಳ ಕಟ್ಟುತ್ತಾ ಅಡುಗೆಮನೆಯಲ್ಲಿ ನಿಂತಿದ್ದೆ. ಆಗ ದೇವರ ಮನೆಯಿಂದ ಅತ್ತೆಯ ದನಿ ಬಂತು.

"ಇದು ನಂದಲ್ಲ."

ಹೋಗಿ ನೋಡಿದರೆ ಅತ್ತೆ ಮಣೆಯ ಮೇಲೆ ಕೂತು ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದಿದ್ದರು. ಅಂಗೈಯಲ್ಲಿ ಇಷ್ಟಲಿಂಗ. ದಿನಾ ಬೆಳಗ್ಗೆ ಅದನ್ನು ಹಾಗೆ ಹಿಡಿದು ಪೂಜೆ ಮಾಡಿ, ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡ ಮೇಲೇ ಅವರಿಗೆ ಕಾಫಿ. ಅಕ್ಕತಂಗಿಯರ ಮದುವೆಯಲ್ಲಿ ಅವರಪ್ಪ ಇಬ್ಬರಿಗೂ ಒಂದೇ ಥರದ ಕರಡಿಗೆ ಮಾಡಿಸಿ ಕೊಟ್ಟಿದ್ದರು. ಶನಿವಾರ ಬೆಳಗ್ಗೆ ಹೊಸ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಪೂಜೆಗೆ ಕೂತಿದ್ದರು. ಐದಾರು ಜನ ಹೆಂಗಸರು, ಗದ್ದಲ, ಹೊಗೆ. ಒಂದೇ ತಟ್ಟೆಯಲ್ಲಿಟ್ಟ ಎರಡು ಕರಡಿಗೆಗಳು ಅದಲು ಬದಲಾಗಿದ್ದವು.

ನಮ್ಮವರು, ಅಂದರೆ ನನ್ನ ಗಂಡ, ಬಂದು ನೋಡಿ, ಲಿಂಗ ಲಿಂಗವೇ, ಪೂಜೆ ಮಾಡಿ ಉಪ್ಪಿಟ್ಟು ತಿನ್ನು ಅಂದರು.

"ನಿನ್ನೆ ಗೊತ್ತಿಲ್ದೆ ತಿಂದಿದ್ದಾಯ್ತು. ಗೊತ್ತಾದ ಮ್ಯಾಲೆ ತಿನ್ನಾಕಾಯ್ತದಾ?" ಅಂದರು ಅತ್ತೆ. "ತಂಗಿ ಗಂಡನ್ನ ಕಟ್ಕಂಡು ಬಂದಂಗೆ ಆಯ್ತದೆ ಕಣ್ಲಾ. ನಂದು ನನ್ ಕೈಗೆ ಬರಗಂಟ ನೀರೂ ಮುಟ್ಟಲ್ಲ."

ನಮ್ಮವರು ಕಲ್ಯಾಣದುರ್ಗಕ್ಕೆ ಫೋನ್ ಮಾಡಿದರು. ಚಿಕ್ಕತ್ತೆಯೇ ಎತ್ತಿದರು. ತಮ್ಮದು ತಮ್ಮ ಹತ್ತಿರವೇ ಇದೆ, ಪೂಜೆಯೂ ಆಯಿತು, ತಿಂಡಿಯೂ ಆಯಿತು, ಅಕ್ಕನಿಗೆ ಎಲ್ಲೋ ಭ್ರಮೆ ಎಂದರಂತೆ. ಫೋನು ಇಟ್ಟ ನಮ್ಮವರು ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಅಮ್ಮಂಗೆ ವಯಸ್ಸಾಯ್ತು, ಅರುಳು ಮರುಳು. ಹಸಿವಾದ್ರೆ ತಾನೇ ತಿಂತಾಳೆ" ಅಂದರು. ದನಿ ಎಷ್ಟು ತಗ್ಗಿಸಿದರೂ ನಮ್ಮ ಮನೆಯಲ್ಲಿ ಮಾತು ಕೇಳಿಸುತ್ತದೆ. ಅತ್ತೆಯ ಮುಖ ಚಿಕ್ಕದಾಯಿತು.

ಇಲ್ಲಿ ಒಂದು ನಿಜ ಹೇಳಬೇಕು. ಮೊದಲು ನನಗೆ ಬಂದದ್ದು ಕನಿಕರವಲ್ಲ, ಸಿಟ್ಟು. ಎಷ್ಟೋ ದಿನದಿಂದ ಕಾದ ಭಾನುವಾರ ಮಣ್ಣುಪಾಲಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಆದರೆ ಅತ್ತೆ ಹೇಳುವುದು ಸುಳ್ಳು ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ. ಒಮ್ಮೆ ನಾನು ಊರಲ್ಲಿಲ್ಲದಾಗ ಯಾರೋ ನನ್ನ ಗಾಡಿಗೆ ಕೈ ಹಾಕಿದ್ದರು. ಬಂದು ಎಡಗೈಯಲ್ಲಿ ಕ್ಲಚ್ ಹಿಡಿದ ಕೂಡಲೇ ಗೊತ್ತಾಯಿತು. ಹೇಳಿದರೆ ನಮ್ಮವರು ನಕ್ಕರು. ಎರಡು ದಿನದ ಮೇಲೆ ಅವರೇ ಬಾಯಿಬಿಟ್ಟರು, ಮೆಕ್ಯಾನಿಕ್ಕಿಗೆ ತೋರಿಸಿ ಕೇಬಲ್ ಬಿಗಿ ಮಾಡಿಸಿದ್ದೆ ಎಂದು. ಎರಡೇ ವರ್ಷ ಕ್ಲಚ್ ಹಿಡಿದ ನನ್ನ ಅಂಗೈಗೆ ಅಷ್ಟು ತಿಳಿದರೆ, ಅರವತ್ತು ವರ್ಷಕ್ಕೂ ಮೇಲೆ ದಿನಾ ಲಿಂಗ ಹಿಡಿದ ಅಂಗೈಗೆ ತಿಳಿಯದೆ ಇರುತ್ತದೆಯೇ?

ಅತ್ತೆ ನನ್ನ ಜಾಕೆಟ್ಟನ್ನು ಮೇಲಿಂದ ಕೆಳಗೆ ನೋಡಿದರು. "ನಿನ್ ದುನ್ನಪೋತು ಕಲ್ಯಾಣದುರ್ಗದ ಗಂಟ ಹೋಯ್ತದಾ?"

"ಹೋಯ್ತದೆ."

"ಒಬ್ಳೇನಾ? ದಾರಿ ಪೂರ್ತಿ ಬೆಟ್ಟ ಗುಡ್ಡ," ಎಂದು ನಮ್ಮವರು ಅಡ್ಡ ಬಂದರು. ಅವರ ಸ್ಕೂಟರು ಮಂಡಿ ದಾಟಿ ಆಚೆ ಹೋದದ್ದಿಲ್ಲ.

"ಬೆಟ್ಟ ಐತೆ ಅಂತಾನೇ ನಾನು ಇವತ್ತು ಹೊಂಟಿದ್ದು ಕಣ್ರೀ," ಅಂದೆ.

ಅತ್ತೆ ನನ್ನ ಲಿಂಗವನ್ನೂ ಕಟ್ಟಿಸಿದರು. ಹಬ್ಬಕ್ಕೆ, ಮದುವೆಗೆ ಮಾತ್ರ ಕಟ್ಟಿಕೊಳ್ಳುವವಳು ನಾನು. ಉಳಿದ ದಿನ ಅದು ದೇವರ ಗೂಡಿನಲ್ಲಿರುತ್ತದೆ. ಆಮೇಲೆ ತಂಗಿಯ ಕರಡಿಗೆಯನ್ನು ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೊರಳಿಗೇ ಕಟ್ಟಿದರು. ಬೇರೆಯವರ ಲಿಂಗವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗುವ ಹಾಗಿಲ್ಲ, ಮೈಮೇಲೇ ಇರಬೇಕು. ಅವರದು ಅವರ ಕೈ ಸೇರುವವರೆಗೆ ನಾನೂ ಬಾಯಿಗೆ ಏನೂ ಹಾಕಬಾರದು ಎಂದು ಮಾತು ತೆಗೆದುಕೊಂಡರು.

"ನೀರು ಕುಡೀತೀನಿ," ಅಂದೆ. "ಬಿಸ್ಲಿಗೆ ತಲೆ ತಿರುಗಿ ಬಿದ್ರೆ ನಿಮ್ ತಂಗೀದೂ ರೋಡ್ನಾಗೆ, ನಂದೂ ರೋಡ್ನಾಗೆ."

ಒಂದು ಗಳಿಗೆ ಯೋಚಿಸಿ, "ನೀರು ಕುಡಿ" ಅಂದರು.

ಹೀಗೆ ನನ್ನ ಕೆಲಸವಿಲ್ಲದ ಸವಾರಿಗೆ ಜಗತ್ತಿನಲ್ಲಿರುವ ಅತಿ ದೊಡ್ಡ ಕೆಲಸವೊಂದು ಗಂಟುಬಿತ್ತು. ಅವತ್ತು ಜಗಲಿಯ ಕೆಳಗೆ ಯಾರ ಕಾಲೂ ಇರಲಿಲ್ಲ. ಅತ್ತೆಯೇ ಗೇಟು ತೆಗೆದು ಹಿಡಿದರು. ಅವರ ಮುಂದೆ ಗಾಡಿ ಸ್ಟಾರ್ಟ್ ಮಾಡುವಾಗ ಖುಷಿಯಾಗಬೇಕಿತ್ತು, ಆಗಲಿಲ್ಲ. ಗೇಟು ತೆರೆದದ್ದು ನನಗಲ್ಲ ಅನ್ನಿಸಿ, ಹಿಂತಿರುಗಿ ನೋಡದೆ ಗೇರು ಹಾಕಿದೆ.

ಸೋಮಂದೇಪಲ್ಲಿ ದಾಟುವವರೆಗೆ ಆ ಸಿಟ್ಟಿನಲ್ಲೇ ಓಡಿಸಿದೆ. ಪೆನುಕೊಂಡ ಬೆಟ್ಟ ಕಂಡ ಮೇಲೆ ಸಿಟ್ಟನ್ನು ಹಿಡಿದುಕೊಳ್ಳುವುದು ಕಷ್ಟವಾಯಿತು. ಬೆಳಗಿನ ಬಿಸಿಲು ಬೆಟ್ಟದ ಒಂದು ಮಗ್ಗುಲಿಗೆ ಮಾತ್ರ ಬಿದ್ದಿತ್ತು. ಕೋಟೆಗೋಡೆ ಯಾವುದು, ಬಂಡೆ ಯಾವುದು ಎಂದು ತಿಳಿಯದ ಹಾಗೆ ಎರಡೂ ಒಂದೇ ಬಣ್ಣ. ಅಲ್ಲಿಂದ ಪಡುವಲಿಗೆ ತಿರುಗಿದರೆ ದಾರಿ ಬೆಟ್ಟಗಳ ನಡುವೆ ನುಗ್ಗುತ್ತದೆ. ನಮ್ಮ ಕಡೆಯ ಬೆಟ್ಟ ಹಸಿರು ಬೆಟ್ಟವಲ್ಲ. ಮನೆಯಷ್ಟು ದೊಡ್ಡ ಗುಂಡುಗಳು ಒಂದರ ಮೇಲೊಂದು ಕೂತು, ಈಗ ಬೀಳುತ್ತವೆ ಎಂದು ಹೆದರಿಸುತ್ತಲೇ ಎಷ್ಟೋ ಕಾಲದಿಂದ ಬೀಳದೆ ನಿಂತಿವೆ. ನಡುನಡುವೆ ಎಲೆಯೇ ಇಲ್ಲದ ಮುತ್ತುಗದ ಮರಗಳು ಕೆಂಪಗೆ ಹೂ ಬಿಟ್ಟಿದ್ದವು. ಕಡಲೆಕಾಯಿ ಕಿತ್ತ ಹೊಲಗಳು ಬರಿದಾಗಿದ್ದವು, ಹಿಪ್ಪುನೇರಳೆ ತೋಟಗಳು ಮಾತ್ರ ಹಸಿರಾಗಿದ್ದವು. ಟೂರಿಗೆಂದು ನಮ್ಮ ಊರಿನವರೆಲ್ಲ ಊಟಿಗೆ ಹೋಗುತ್ತಾರೆ, ಈ ಕಲ್ಲಿನಲ್ಲಿ ಏನಿದೆ ಎನ್ನುತ್ತಾರೆ. ನನಗೆ ಈ ಕಲ್ಲೇ ಇಷ್ಟ. ಅದು ಯಾರಿಗೂ ಚೆಂದ ಕಾಣಲಿ ಎಂದು ನಿಂತಿಲ್ಲ.

ಏರು ಮುಗಿಯುವ ಕಡೆ, ದಾರಿಯ ಬಲಕ್ಕೆ ಹೊಂಗೆಮರದ ಕೆಳಗೊಂದು ಚಪ್ಪಟೆ ಹಾಸುಬಂಡೆ. ಬಸ್ಸಿನಲ್ಲಿ ಹೋಗುವಾಗ ನೂರಾರು ಸಲ ನೋಡಿದ್ದೆ, ಒಂದು ಸಲವೂ ಅದರ ಮೇಲೆ ಕೂತಿರಲಿಲ್ಲ. ನನ್ನ ಭಾನುವಾರದ ಗುರಿ ಅಂತ ಏನಾದರೂ ಇದ್ದರೆ ಅದೇ ಬಂಡೆ. ಗಾಡಿ ನಿಧಾನ ಮಾಡಿದೆ. ಎದೆಯ ಮೇಲೆ ಎರಡು ಕರಡಿಗೆಗಳು ಒಂದಕ್ಕೊಂದು ತಾಗಿದವು. ಮನೆಯಲ್ಲಿ ಒಂದು ಮುದಿಜೀವ ನೀರೂ ಕುಡಿಯದೆ ಕೂತಿದೆ ಎಂದು ನೆನಪಾಗಿ ನಿಲ್ಲಿಸದೆ ಮುಂದೆ ಹೋದೆ.

ರೊದ್ದಂನಲ್ಲಿ ಬಾಟಲಿಗೆ ನೀರು ತುಂಬಿಸಲು ಒಂದು ಅಂಗಡಿಯ ಮುಂದೆ ನಿಂತೆ. ಅಲ್ಲಿ ಉಗ್ಗಾಣಿ ಮಾಡುತ್ತಿದ್ದರು. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹುರಿಗಡಲೆ ಪುಡಿ ಹಾಕಿದ ಒಗ್ಗರಣೆ. ಪಕ್ಕದ ಬಾಣಲೆಯಲ್ಲಿ ಮೆಣಸಿನಕಾಯಿ ಬಜ್ಜಿ. ಖಾಲಿ ಹೊಟ್ಟೆಗೆ ಆ ವಾಸನೆ ಏನು ಮಾಡುತ್ತದೆ ಎಂದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಅಂಗಡಿಯ ಹೆಂಗಸು ಹೆಲ್ಮೆಟ್ ತೆಗೆದ ನನ್ನ ನರೆಗೂದಲು ನೋಡಿ, "ಒಕ್ಕದಾನಿವೇ ವಚ್ಚಾವಾ ಅಮ್ಮಾ? ಇಂಟ್ಲೋ ಮಗವಾಳ್ಳು ಲೇರಾ?" ಎಂದು ಕೇಳಿದಳು. ಒಬ್ಬಳೇ ಬಂದೆಯಾ, ಮನೆಯಲ್ಲಿ ಗಂಡಸರಿಲ್ಲವಾ ಎಂದು.

"ಉನ್ನಾರು. ಟೀವೀ ಚೂಸ್ತುನ್ನಾರು," ಅಂದೆ. ಇದ್ದಾರೆ, ಟೀವಿ ನೋಡುತ್ತಿದ್ದಾರೆ.

ಅವಳು ಬಜ್ಜಿ ತಿರುವುತ್ತಿದ್ದ ಜಾಲರಿ ಸೌಟು ಹಿಡಿದುಕೊಂಡೇ ನಕ್ಕಳು. ಒಂದು ತಟ್ಟೆ ಕೊಡಲು ಬಂದಳು. ಉಪವಾಸ ಎಂದು ಹೇಳಿ ನೀರು ಕುಡಿದು ಹೊರಟೆ. ಪೆನ್ನಾ ನದಿಯ ಸೇತುವೆ ದಾಟುವಾಗ ಕೆಳಗೆ ಬರೀ ಮರಳು. ರಾಮಗಿರಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿದ್ದವು. ಅಡ್ಡಗಾಳಿ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದು, ತಗ್ಗಿ, ಕಂಬದೂರು ದಾಟಿ ಕಲ್ಯಾಣದುರ್ಗ ಸೇರಿದಾಗ ಹನ್ನೊಂದೂವರೆ. ಬೆನ್ನು ನೋಯುತ್ತಿತ್ತು. ಆದರೂ ಅಷ್ಟು ದಾರಿಯನ್ನು ನಾನೇ ಓಡಿಸಿಕೊಂಡು ಬಂದೆ ಎಂದು ಒಳಗೊಳಗೇ ಬೀಗಿದ್ದು ಸುಳ್ಳಲ್ಲ.

ಹೊಸ ಮನೆಯಲ್ಲಿ ಇನ್ನೂ ಬಣ್ಣದ ವಾಸನೆ. ನಡುಮನೆಯಲ್ಲಿ ಬ್ರಹ್ಮಸಮುದ್ರದಿಂದ ಬಂದಿದ್ದ ಬೀಗರು, ಅಂದರೆ ಚಿಕ್ಕತ್ತೆಯ ಸೊಸೆಯ ತವರಿನವರು, ಚಾಪೆಯ ಮೇಲೆ ಕೂತಿದ್ದರು. ಚಿಕ್ಕತ್ತೆ ನನ್ನನ್ನೂ ಹೊರಗಿನ ಗಾಡಿಯನ್ನೂ ನೋಡಿ, "ಇದ್ಯಾಕಮ್ಮ ಇಷ್ಟು ದೂರ?" ಅಂದರು. ಯಾಕೆ ಎಂದು ಅವರಿಗೆ ಗೊತ್ತಿತ್ತು.

ನಾನು ಅವರನ್ನು ಬೀಗರಿಗೆ ಕೇಳಿಸದ ಹಾಗೆ ಮೂಲೆಗೆ ಕರೆದು, ಸುತ್ತಿದ್ದ ಬಿಳಿ ಬಟ್ಟೆ ಬಿಚ್ಚಿ ಕರಡಿಗೆ ತೋರಿಸಿದೆ. "ಇದು ನಿಮ್ದು ಚಿಕ್ಕತ್ತೆ. ಅತ್ತೇದು ಕೊಡಿ."

"ಫೋನ್ನಾಗೆ ಹೇಳ್ದೆನಲ್ಲ. ನಂದು ನನ್ತಾವೇ ಐತೆ. ಅಕ್ಕಂಗೆ ಏನೋ ಮರೆವು."

"ಒಂದ್ಸಲ ಎಡಗೈಲಿ ಹಿಡ್ದು ನೋಡಿ. ನಿಮ್ದಲ್ಲ ಅಂದ್ರೆ ವಾಪಸ್ ತಗಂಡು ಹೋಯ್ತೀನಿ."

ಅವರು ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡರು. "ಈಗ ಮಡಿ ಇಲ್ಲ," ಅಂದರು. ಆ ಕೈ ಮುಚ್ಚಿಕೊಂಡದ್ದರಲ್ಲೇ ನನಗೆ ತಿಳಿಯಿತು. ಇವರಿಗೆ ಬೆಳಗ್ಗೆಯೇ ಗೊತ್ತಾಗಿದೆ. ಮನೆ ತುಂಬ ಬೀಗರು. ಹೊಸ ಮನೆಯ ಮೊದಲ ಪೂಜೆಯಲ್ಲೇ ಹೀಗಾಯಿತು ಎಂದರೆ ಒಬ್ಬೊಬ್ಬರೂ ಒಂದೊಂದು ಆಡಿಕೊಳ್ಳುತ್ತಾರೆ, ಮನೆ ಆಗಿಬರುವುದಿಲ್ಲ ಎನ್ನುತ್ತಾರೆ. ಅದಕ್ಕೆ ಬಾಯಿ ಮುಚ್ಚಿಕೊಂಡಿದ್ದಾರೆ. ಅವರ ಭಯ ನನಗೆ ಅರ್ಥವಾಯಿತು. ಆದರೆ ಆ ಭಯಕ್ಕೆ ನಮ್ಮ ಅತ್ತೆಯನ್ನು ಅರುಳು ಮರುಳಿನವಳು ಮಾಡುವುದನ್ನು ನನಗೆ ಸಹಿಸಲಾಗಲಿಲ್ಲ.

ಅಷ್ಟರಲ್ಲಿ ಅವರ ಸೊಸೆ, ಪಾಪದ ಹುಡುಗಿ, ಎಲೆ ಹಾಕಿ ಒಬ್ಬಟ್ಟು ಬಡಿಸಲು ಬಂದಳು. "ಬಾರಕ್ಕ, ಊಟಕ್ಕೆ" ಅಂದಳು.

"ನಾನು ಉಣ್ಣಲ್ಲಮ್ಮ. ಅತ್ತೇದು ಅತ್ತೆ ಕೈ ಸೇರೋವರ್ಗೂ ಬಾಯಿಗೆ ಏನೂ ಹಾಕಲ್ಲ ಅಂತ ಮಾತು ಕೊಟ್ಟು ಬಂದೀನಿ."

"ಹೊಸ ಮನೆಗೆ ಬಂದೋರು ಉಣ್ದೆ ಹೋಗ್ಬಾರ್ದು ಕಣಮ್ಮ," ಎಂದರು ಚಿಕ್ಕತ್ತೆ.

"ಹೋಗಲ್ಲ. ಇಲ್ಲೇ ಕೂತಿರ್ತೀನಿ."

ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತೇಬಿಟ್ಟೆ. ಇಂಥದ್ದನ್ನು ನಾನು ಕಲಿತದ್ದು ಯಾರಿಂದ ಎಂದು ಹೇಳಬೇಕಾಗಿಲ್ಲ. ಕಾಲು ಚಾಚುವುದೊಂದನ್ನು ಬಿಟ್ಟೆ ಅಷ್ಟೇ. ಒಳಗೆ ಹೋಗುವವರು, ಹೊರಗೆ ಬರುವವರು ಎಲ್ಲರೂ ನನ್ನನ್ನು ದಾಟಿಯೇ ಹೋಗಬೇಕು. ಬೀಗರ ಕಡೆಯ ಅಜ್ಜಿಯೊಬ್ಬರು ಊಟ ಮುಗಿಸಿ ಬಂದು, ಯಾಕೆ ಉಣ್ಣಲಿಲ್ಲ ಎಂದು ಕೇಳಿದರು. ಉಪವಾಸ ಅಂದೆ. ಯಾವ ದೇವರದು ಎಂದರು. ಅತ್ತೆಯದು ಎಂದೆ. ಚಿಕ್ಕತ್ತೆ ಒಳಗಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ನಾನು ಅವರ ಗುಟ್ಟು ಬಿಡಲಿಲ್ಲ. ಆದರೆ ಕೂತಲ್ಲಿಂದ ಏಳಲೂ ಇಲ್ಲ.

ಎರಡು ಗಂಟೆಯ ಹೊತ್ತಿಗೆ ಬೀಗರೆಲ್ಲ ಕೋಣೆಯಲ್ಲಿ ಫ್ಯಾನಿನ ಕೆಳಗೆ ಒರಗಿದ ಮೇಲೆ ಚಿಕ್ಕತ್ತೆ ತಲೆಗೆ ನೀರು ಹಾಕಿಕೊಂಡು, ಮಡಿ ಸೀರೆ ಉಟ್ಟು ಬಂದು ಕಣ್ಸನ್ನೆ ಮಾಡಿದರು. ದೇವರ ಮನೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆವು. ನಾನು ತಂದದ್ದನ್ನು ತೆರೆದು ಎಡ ಅಂಗೈಯಲ್ಲಿಟ್ಟುಕೊಂಡರು. ಬೆರಳುಗಳು ತಾವಾಗಿಯೇ ಅದರ ಸುತ್ತ ಮಡಚಿಕೊಂಡವು. ಅವರ ಕಣ್ಣಲ್ಲಿ ನೀರು ಬಂತು.

"ಬೆಳಿಗ್ಗೇನೇ ತಿಳೀತು ಕಣಮ್ಮ," ಅಂದರು. "ಜನ ಇದ್ರು, ಏನ್ಮಾಡ್ಲಿ? ಉಪ್ಪಿಟ್ಟು ತಿಂದ್ಬುಟ್ಟೆ. ಗಂಟ್ಲಲ್ಲಿ ಇಳೀಲೇ ಇಲ್ಲ. ತಿಂದೆ ಅಂತ ಅಕ್ಕಂಗೆ ಹೇಳ್ಬ್ಯಾಡ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅತ್ತೆಯ ಕರಡಿಗೆಯನ್ನು ಅವರೇ ನನ್ನ ಕೊರಳಿಗೆ ಕಟ್ಟಿ, ಹತ್ತು ಒಬ್ಬಟ್ಟು ಡಬ್ಬಿಗೆ ಹಾಕಿ, ಅಕ್ಕನ ಜೊತೆ ಕೂತು ಉಣ್ಣು, ಇಲ್ಲೇ ಉಂಡ ಹಾಗೆ ಆಗುತ್ತದೆ ಎಂದು ಕಳಿಸಿದರು. ಮೂರು ಗಂಟೆಯ ಬಿಸಿಲಿನಲ್ಲಿ ಹೊರಟೆ.

ವಾಪಸು ಬರುವಾಗ ಆ ಬೆಟ್ಟಗಳೇ ಬೇರೆಯಾಗಿದ್ದವು. ಬೆಳಗ್ಗೆ ನೆರಳಿದ್ದ ಕಡೆ ಬಿಸಿಲು, ಬಿಸಿಲಿದ್ದ ಕಡೆ ನೆರಳು. ರೊದ್ದಂನ ಹೆಂಗಸು ಅಂಗಡಿಯಿಂದಲೇ ಕೈ ಎತ್ತಿದಳು. ಹೊಟ್ಟೆ ಚುರುಗುಟ್ಟುತ್ತಿತ್ತು, ಹಿಂದಿನ ಡಬ್ಬಿಯಿಂದ ತುಪ್ಪದ ವಾಸನೆ. ಏರು ಹತ್ತಿ ಹೊಂಗೆಮರ ಕಂಡಿತು. ಈಗಲೂ ನಿಲ್ಲಿಸಬಾರದು, ಅತ್ತೆ ಹಸಿದಿದ್ದಾರೆ, ಇನ್ನು ಒಂದು ಗಂಟೆಯಲ್ಲಿ ಮನೆ ಎಂದು ತಲೆ ಹೇಳಿತು. ಎಡಗೈ ಕ್ಲಚ್ ಹಿಡಿದಾಗಿತ್ತು. ಗಾಡಿ ನಿಂತಿತು.

ಹಾಸುಬಂಡೆ ಕಾದಿತ್ತು. ಹೋಗಿ ಅದರ ಮೇಲೆ ಕೂತೆ. ಕೆಳಗೆ ಬಂಡೆಗಳು, ಬರಿದಾದ ಹೊಲಗಳು, ದೂರದಲ್ಲಿ ಕೆರೆಯ ಒಣಗಿದ ಅಂಗಳದಲ್ಲಿ ಕುರಿಮಂದೆ. ಹೊಂಗೆ ಹೊಸ ಚಿಗುರು ಬಿಟ್ಟು ತಂಪಾಗಿತ್ತು. ನಾನು ಮಾಡುತ್ತಿದ್ದದ್ದು ತಪ್ಪು ಎಂದು ಗೊತ್ತಿತ್ತು. ಗೊತ್ತಿದ್ದೂ ಕೂತೆ. ಯಾಕೆಂದರೆ ಅವತ್ತು ನಿಲ್ಲಿಸದೆ ಹೋಗಿದ್ದರೆ ಇನ್ನೆಂದೂ ನಿಲ್ಲಿಸುತ್ತಿರಲಿಲ್ಲ. ಮುಂದಿನ ಸಲವೂ ಯಾರಿಗೋ ಹಸಿವಾಗಿರುತ್ತದೆ, ಯಾರಿಗೋ ಔಷಧಿ ಬೇಕಾಗಿರುತ್ತದೆ. ಕೆಲಸಕ್ಕೆಂದು ಹೊರಟ ಹೆಂಗಸಿಗೆ ಎಲ್ಲರೂ ಗೇಟು ತೆಗೆದು ಹಿಡಿಯುತ್ತಾರೆ, ಸುಮ್ಮನೆ ಹೊರಟವಳಿಗೆ ಕಾಲು ಅಡ್ಡ ಚಾಚುತ್ತಾರೆ. ಆ ಇಪ್ಪತ್ತು ನಿಮಿಷವನ್ನು ನಾನು ಯಾರನ್ನೂ ಕೇಳದೆ ತೆಗೆದುಕೊಂಡೆ.

ಫೋನು ಬಂತು. ನಮ್ಮವರು.

"ಎಲ್ಲಿದೀಯ?"

"ರೊದ್ದಂ ದಾಟಿ, ಬೆಟ್ಟದ ಮ್ಯಾಲೆ."

"ಗಾಡಿ ಕೆಟ್ಟೋಯ್ತಾ?"

"ಇಲ್ಲ."

"ಮತ್ತೆ?"

"ಸುಮ್ನೆ ಕೂತಿದೀನಿ."

ಅವರು ಫೋನು ಇಟ್ಟರು.

ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಅತ್ತೆ ತಲೆಗೆ ನೀರು ಹಾಕಿಕೊಂಡು, ಕೂದಲಿಗೆ ಬಟ್ಟೆ ಸುತ್ತಿ, ಬೆಳಗ್ಗೆಯ ಮಣೆಯ ಮೇಲೇ ಕೂತಿದ್ದರು. ತುಟಿ ಒಣಗಿತ್ತು. ನೋಡಿ ನನಗೆ ಸಂಕಟವಾಯಿತು. ಕರಡಿಗೆಯನ್ನು ಕೊಟ್ಟೆ. ತೆರೆದು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ, "ಹೂಂ" ಅಂದರು. ಅಷ್ಟೇ. ಪೂಜೆ ಮುಗಿಸಿ ಬಂದ ಮೇಲೆ ಇಬ್ಬರೂ ಎದುರುಬದುರು ಕೂತು ಒಬ್ಬಟ್ಟು ತಿಂದೆವು.

ನಮ್ಮವರು ಬಾಗಿಲಲ್ಲಿ ನಿಂತಿದ್ದರು. "ಕೇಳಮ್ಮ, ನೀನಿಲ್ಲಿ ಹೊಟ್ಟೆಗಿಲ್ದೆ ಒದ್ದಾಡ್ತಿದ್ರೆ ಇವಳು ಬೆಟ್ಟದ ಮ್ಯಾಲೆ ಕೂತಿದ್ಲಂತೆ. ಸುಮ್ನೆ."

ಅತ್ತೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ದಿಟವಾ?"

"ಹೂಂ. ಇಪ್ಪತ್ತು ನಿಮಿಷ."

ಬೈಗುಳ ಬರುತ್ತದೆ ಎಂದು ಕಾದೆ. ಬಂದರೆ ತಿರುಗಿ ಹೇಳಲು ಮಾತೂ ಸಿದ್ಧವಿತ್ತು. ಅವರು ಮಗನ ಕಡೆ ತಿರು‌ಗಿ, "ಹಸ್ಕಂಡಿದ್ದೋಳು ನಾನು. ನಂಗಿಲ್ದ ಸಿಟ್ಟು ನಿಂಗ್ಯಾಕ್ಲಾ? ನಾನು ಅರುಳು ಮರುಳು ಅಂದೋನು ನೀನು, ದಿಟ ಅಂತ ಹೋಗಿ ತಂದೋಳು ಇವಳು," ಅಂದರು. ಆಮೇಲೆ ನನಗೆ, "ತಂಗಿ ತಿಂದಿದ್ಲಾ?" ಎಂದು ಕೇಳಿದರು.

"ನಾನು ಹೋಗೋ ಹೊತ್ಗೆ ಹನ್ನೊಂದೂವರೆ ಆಗಿತ್ತು ಅತ್ತೆ. ನಾನು ನೋಡ್ಲಿಲ್ಲ."

"ತಿಂದಿರ್ತಾಳೆ. ಚಿಕ್ಕೋಳಿದ್ದಾಗ್ಲಿಂದ ಹಸಿವು ತಡೆಯಲ್ಲ ಅದು," ಎಂದು ಇನ್ನೊಂದು ಒಬ್ಬಟ್ಟು ಮುರಿದರು.

ಆ ವಾರವೆಲ್ಲ ನನಗೆ ಹೊಗಳಿಕೆಯೋ ಹೊಗಳಿಕೆ. ಬೀದಿಯವರು, ನೆಂಟರು, ಮಂಡಿಯ ಹೆಂಗಸರು, ಬೈಕು ಯಾಕೆ ಎಂದವರೆಲ್ಲ ಈಗ, ಅತ್ತೆಯ ಲಿಂಗಕ್ಕಾಗಿ ಉಪವಾಸ ಹೋಗಿ ಬಂದಳಲ್ಲ, ಎಂಥ ಸೊಸೆ, ಎಂದರು. ಗಾಡಿ ಇದ್ದದ್ದು ಒಳ್ಳೆಯದೇ ಆಯಿತು ಎಂದರು. ಕೇಳಿ ಕೇಳಿ ನನಗೆ ಆ ಭಾನುವಾರ ಬೆಳಗಿನ ಸಿಟ್ಟೇ ಮರಳಿ ಬಂತು. ಇವರ ಲೆಕ್ಕದಲ್ಲಿ ನಾನು ಓಡಿಸಿದ ಅಷ್ಟೂ ದಾರಿ ಅತ್ತೆಗೆ ಸೇರಿತು. ಒಳ್ಳೆಯ ಸೊಸೆ ಎಂಬ ಹೆಸರು ಹೊತ್ತುಕೊಂಡು ಇನ್ನು ಆಯುಷ್ಯಪೂರ್ತಿ ಕೆಲಸ ಇದ್ದಾಗ ಮಾತ್ರ ಗಾಡಿ ತೆಗೆಯುವುದು ನನ್ನಿಂದ ಆಗುವುದಿಲ್ಲ. ಬಂಡೆಯ ಮೇಲೆ ಕೂತಿದ್ದೆ ಎಂದು ಎಲ್ಲರಿಗೂ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ಭಾನುವಾರ ಮತ್ತೆ ಜಾಕೆಟ್ ಹಾಕಿಕೊಂಡು, ಸೀಳಿದ ಗಾಜಿನ ಹೆಲ್ಮೆಟ್ ಹಿಡಿದು ಹೊರಗೆ ಬಂದೆ. ಅತ್ತೆ ಗೋಣಿಚೀಲದ ಮೇಲೆ, ತಮ್ಮ ಜಾಗದಲ್ಲೇ ಕೂತಿದ್ದರು. ಕಾಲು ಎರಡೂ ಅಡ್ಡ. ಪಕ್ಕದಲ್ಲಿ ಹುಣಸೆಬೀಜದ ಗುಡ್ಡೆ. ನಮ್ಮವರು ಗೇಟಿನಲ್ಲಿ ಪೇಪರು ಹಿಡಿದು ನಿಂತಿದ್ದರು.

"ಅತ್ತೆ, ಕಾಲು ತಗೀರಿ."

"ಏನ್ ಕೆಲ್ಸ?" ತಲೆ ಎತ್ತಲಿಲ್ಲ.

ಹೇಳಲು ನೂರು ಕೆಲಸ ಇದ್ದವು. ಕಲ್ಯಾಣದುರ್ಗಕ್ಕೆ ಡಬ್ಬಿ ವಾಪಸು ಕೊಡಬೇಕಿತ್ತು, ಅದನ್ನೇ ಹೇಳಿದ್ದರೂ ಸಾಕಿತ್ತು.

"ಏನೂ ಕೆಲ್ಸ ಇಲ್ಲ," ಅಂದೆ.

ಅತ್ತೆ ಕೈಯಲ್ಲಿದ್ದ ಹಣ್ಣಿನಿಂದ ಬೀಜ ತೆಗೆದರು, ನಾರು ತೆಗೆದರು, ಹಣ್ಣನ್ನು ಮೊರಕ್ಕೆ ಹಾಕಿದರು. ಆಮೇಲೆ ಸೀರೆಯ ನೆರಿಗೆ ಸರಿಮಾಡಿಕೊಂಡು ಒಂದು ಕಾಲು ಮಡಚಿದರು. ಮಂಡಿ ಹಿಡಿದುಕೊಂಡು ಇನ್ನೊಂದನ್ನೂ ಮಡಚಿದರು.

"ಎಲ್ಲಿಗೆ ಹೊಂಟ್ಲಮ್ಮ ಇವಳು?" ಎಂದರು ನಮ್ಮವರು ಗೇಟಿನಿಂದ.

"ನಂಗೇನ್ ಗೊತ್ತು? ನನ್ ಕಾಲು ನಾನು ತಗ್ದೀನಿ," ಅಂದರು ಅತ್ತೆ. "ನೀನ್ಯಾಕ್ಲಾ ಅಡ್ಡ ನಿಂತಿದೀಯ?"